ಕಟಕಟೆಯಲ್ಲಿ ದೇವರ ಹೆಸರು ಯಾರಿಗೂ ಕೇಳಿಸಲಿಲ್ಲ

ಹಳೇಸಾಕ್ಷಿ

ಕಳೆದ ತಿಂಗಳು ಒಂದು ಸಿವಿಲ್ ಕೇಸಿನಲ್ಲಿ ಸಾಕ್ಷಿ ಹೇಳಲು ಹೋಗಿದ್ದೆ. ಜೀವನದಲ್ಲಿ ಮೊದಲ ಸಲ. ಹೇಳಬೇಕಾದ ವಿಷಯ ದೊಡ್ಡದೇನಲ್ಲ, ಒಂದು ಸಹಿ ನನ್ನೆದುರಿಗೇ ಬಿತ್ತಾ ಇಲ್ಲವಾ ಅಂತ ಅಷ್ಟೇ. ಆದರೂ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ನಾನು ದೇವರನ್ನು ನಂಬುವವನು. ಅವನ ಹೆಸರು ಹಿಡಿದು 'ನಿಜವನ್ನೇ ಹೇಳುತ್ತೇನೆ' ಅಂದ ಮೇಲೆ ಒಂದು ತಾರೀಕು ಆಚೀಚೆ ಆದರೂ ಏನು ಗತಿ ಅನ್ನುವ ಭಯ. ನಗಬೇಡಿ.

ನನ್ನ ಸರದಿ ಬಂತು. ಗುಮಾಸ್ತರು ಲ್ಯಾಮಿನೇಟ್ ಮಾಡಿದ ಒಂದು ಕಾರ್ಡ್ ಕೈಗಿಟ್ಟು 'ಓದಿ' ಅಂದರು. ಓದಲು ಶುರು ಮಾಡಿದೆ. ನಮ್ಮ ವಕೀಲರು ಫೈಲಿನಲ್ಲಿ ಏನೋ ಹುಡುಕುತ್ತಿದ್ದರು. ಆ ಕಡೆಯ ವಕೀಲರು ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ನ್ಯಾಯಾಧೀಶರು ಹಿಂದಿನ ಕೇಸಿನ ಕಾಗದಕ್ಕೆ ಸಹಿ ಹಾಕುತ್ತಿದ್ದರು. ನಾನು ಕಾರ್ಡಿನ ಕೊನೆಯ ಸಾಲು ಮುಟ್ಟುವ ಮೊದಲೇ ಗುಮಾಸ್ತರು ಅದನ್ನು ವಾಪಸ್ ತಗೊಂಡರು.

ಆಮೇಲೆ ನನ್ನ ಹೆಸರು ಹೇಳಿದೆ. ಹೆಸರಿನ ಹಿಂದಿನ ಇನಿಷಿಯಲ್ ಕಾಗದದಲ್ಲಿ ಬೇರೆ ಇತ್ತಂತೆ. ಅಷ್ಟಕ್ಕೇ ನೋಡಿ, ಎಲ್ಲರ ತಲೆ ಒಟ್ಟಿಗೆ ಮೇಲೆದ್ದಿತು. ಐದು ನಿಮಿಷ ಅದೇ ಚರ್ಚೆ. ದೇವರ ಹೆಸರು ಒಬ್ಬರಿಗೂ ಕೇಳಿಸಿರಲಿಲ್ಲ, ಒಂದು ಅಕ್ಷರ ತಪ್ಪಿದ್ದು ಎಲ್ಲರಿಗೂ ಕೇಳಿಸಿತು.

ಅವತ್ತಿನಿಂದ ಇದೇ ಯೋಚನೆ. ಸಾರ್ವಜನಿಕ ಜೀವನದಿಂದ ದೇವರನ್ನು ಯಾರೋ ಹೊರಗೆ ಹಾಕುತ್ತಿದ್ದಾರೆ ಅಂತ ಕೆಲವರು ಕೂಗುತ್ತಾರೆ. ಇನ್ನೂ ಸಾಕಷ್ಟು ಹೊರಗೆ ಹೋಗಿಲ್ಲ ಅಂತ ಇನ್ನು ಕೆಲವರು. ನನಗೆ ಅನಿಸಿದ್ದು ಬೇರೆ. ಹೆಸರು ಎಲ್ಲಾ ಕಡೆ ಇದೆ, ಅದಕ್ಕೆ ಮಾಡಲು ಕೆಲಸ ಇಲ್ಲ. ನಿಮಗೂ ಹೀಗೆ ಅನಿಸಿದೆಯಾ?

ಇಲ್ಲವಾದಿ

ಇದರಲ್ಲಿ ಬೇಜಾರು ಮಾಡಿಕೊಳ್ಳುವುದು ಏನಿದೆ? ಸುಳ್ಳು ಸಾಕ್ಷಿಗೆ ಕಾನೂನಿನಲ್ಲಿ ಜೈಲು ಇದೆ. ಆ ಭಯ ಸಾಕು.

ಒಂದು ಕಾಲದಲ್ಲಿ ನನ್ನಂಥವನ ಮಾತಿಗೆ ಕವಡೆ ಕಾಸಿನ ಬೆಲೆ ಇರಲಿಲ್ಲ. 1689ರಲ್ಲಿ ಇಂಗ್ಲೆಂಡಿನ ಜಾನ್ ಲಾಕ್ ಬೇರೆ ಬೇರೆ ಪಂಥಗಳನ್ನು ಸಹಿಸಿಕೊಳ್ಳಬೇಕು ಅಂತ ದೊಡ್ಡ ಮನಸ್ಸಿನಿಂದ ವಾದಿಸಿದವರು. ಅಂಥವರೂ ನಾಸ್ತಿಕರ ಹತ್ತಿರ ಬಂದಾಗ ಬಾಗಿಲು ಹಾಕಿಬಿಟ್ಟರು. ದೇವರಿಲ್ಲ ಅನ್ನುವವನಿಗೆ ಮಾತು, ಕರಾರು, ಆಣೆ ಯಾವುದೂ ಕಟ್ಟುವುದಿಲ್ಲ, ಹಾಗಾಗಿ ಅವನನ್ನು ಸಹಿಸುವ ಹಾಗಿಲ್ಲ ಅಂತ. ನಿಮ್ಮ ಕಾರ್ಡು ಯಾರಿಗೂ ಕೇಳಿಸದೇ ಹೋಗಿದ್ದು ನನ್ನ ಪಾಲಿಗೆ ಸ್ವಾತಂತ್ರ್ಯ ಮಾರಾಯ್ರೇ.

ತಲೆಹರಟೆ

ಚಿಕ್ಕಂದಿನಲ್ಲಿ ಗೋಲಿ ಆಡುವಾಗ 'ದೇವರಾಣೆ' ಅಂದರೆ ನಮ್ಮ ಗುಂಪಿನಲ್ಲಿ ಯಾರೂ ನಂಬುತ್ತಿರಲಿಲ್ಲ. 'ಅಮ್ಮನಾಣೆ ಹೇಳು ನೋಡೋಣ' ಅಂತ ಪಟ್ಟು ಹಿಡಿಯುತ್ತಿದ್ದರು. ಆಗ ಗೋಲಿ ಹೊರಗೆ ಬರುತ್ತಿತ್ತು. ಅಂದರೆ ದೇವರ ಮಾರ್ಕೆಟ್ ಬಿದ್ದಿದ್ದು ಇವತ್ತು ನಿನ್ನೆ ಅಲ್ಲ.

ಕರಿಕೋಟು

ನಾನು ದಿನಾ ಇದನ್ನೇ ನೋಡುವವನು. ಹಳೇಸಾಕ್ಷಿಯವರು ಹೇಳಿದ ದೃಶ್ಯ ಅಕ್ಷರಶಃ ನಿಜ, ಫೈಲಿನಲ್ಲಿ ಹುಡುಕುತ್ತಿದ್ದ ವಕೀಲ ನಾನೇ ಇರಬಹುದು.

ಆದರೆ ಆಣೆ ಯಾಕೆ ಬಂತು ಅನ್ನುವುದು ಗೊತ್ತಿದ್ದರೆ ಅದು ಯಾಕೆ ಸೊರಗಿತು ಅನ್ನುವುದೂ ಅರ್ಥವಾಗುತ್ತದೆ. ಹಳೆಯ ಕೋರ್ಟುಗಳ ಕೈಯಲ್ಲಿ ಬೆರಳಚ್ಚು ಇರಲಿಲ್ಲ, ಕ್ಯಾಮೆರಾ ಇರಲಿಲ್ಲ, ಫೋನ್ ದಾಖಲೆ ಇರಲಿಲ್ಲ. ಇದ್ದದ್ದು ಮನುಷ್ಯನ ಬಾಯಿ ಒಂದೇ. ಆ ಬಾಯಿಗೆ ಬೀಗ ಹಾಕಲು ಸತ್ತ ಮೇಲೆ ಸಿಗುವ ಶಿಕ್ಷೆ ಬೇಕಾಗಿತ್ತು. ಅದು ಭಕ್ತಿಯ ವಿಷಯ ಅಲ್ಲ, ಭದ್ರತೆಯ ವಿಷಯ.

ಇದಕ್ಕೆ ಒಂದು ಒಳ್ಳೆಯ ಕೇಸ್ ಇದೆ. 1744ರಲ್ಲಿ ಇಂಗ್ಲೆಂಡಿನ ಕೋರ್ಟಿಗೆ ಕಲ್ಕತ್ತಾದ ಒಂದು ವ್ಯಾಪಾರದ ಜಗಳ ಬಂತು. ಸಾಕ್ಷಿಗಳು ಹಿಂದೂಗಳು. ಬೈಬಲ್ ಮುಟ್ಟಿ ಪ್ರಮಾಣ ಮಾಡದವರ ಮಾತು ನಂಬಬಹುದಾ ಅನ್ನುವುದು ಪ್ರಶ್ನೆ. ನಂಬಬಹುದು ಅಂತ ತೀರ್ಪಾಯಿತು. ಸುಳ್ಳು ಹೇಳಿದರೆ ಶಿಕ್ಷಿಸುವ ದೇವರೊಬ್ಬ ಇದ್ದಾನೆ ಅಂತ ಸಾಕ್ಷಿ ನಂಬಿದರೆ ಸಾಕು, ಅವರ ಪದ್ಧತಿಯಂತೆಯೇ ಪ್ರಮಾಣ ಮಾಡಲಿ ಅಂತ. ಗಮನಿಸಿ, ಯಾವ ದೇವರು ಅನ್ನುವುದು ಕೋರ್ಟಿಗೆ ಮುಖ್ಯವಾಗಲಿಲ್ಲ. ಹೆದರಿಕೆ ಇದೆಯಾ ಅನ್ನುವುದಷ್ಟೇ ಮುಖ್ಯ. ಯಾವ ದೇವರನ್ನೂ ನಂಬದವರು ಅಲ್ಲಿ ಸಾಕ್ಷಿ ಹೇಳಲು ಇನ್ನೂ ನೂರಿಪ್ಪತ್ತೈದು ವರ್ಷ ಕಾಯಬೇಕಾಯಿತು. 1869ರಲ್ಲಿ ಕಾನೂನು ಬದಲಾಯಿತು.

ಈಗ ಕೋರ್ಟಿಗೆ ಬೇರೆ ಬೀಗಗಳು ಸಿಕ್ಕಿವೆ. ಹಳೆಯ ಬೀಗ ಬಾಗಿಲ ಮೇಲೆ ಹಾಗೇ ನೇತಾಡುತ್ತಿದೆ, ತೆಗೆಯುವ ಉಸಾಬರಿ ಯಾರಿಗೂ ಬೇಡ.

ಮಬ್ಬುಬೆಳಕು

ಇಲ್ಲವಾದಿಯವರು ಸ್ವಾತಂತ್ರ್ಯ ಅಂದರು. ಆ ಸ್ವಾತಂತ್ರ್ಯ ತಂದುಕೊಟ್ಟವರು ಯಾರು ಅಂತ ಸ್ವಲ್ಪ ನೋಡಿ. ದೇವರ ಹೆಸರೆತ್ತದೆ 'ಪ್ರತಿಜ್ಞೆ ಮಾಡುತ್ತೇನೆ' ಅಷ್ಟೇ ಅನ್ನುವ ಅವಕಾಶಕ್ಕೆ ಇಂಗ್ಲೆಂಡಿನಲ್ಲಿ ಮೊದಲು ಜಗಳ ಮಾಡಿದವರು ನಾಸ್ತಿಕರಲ್ಲ, ಕ್ವೇಕರ್ ಪಂಥದ ಪರಮ ಭಕ್ತರು. ಆಣೆಯನ್ನೇ ಇಡಬೇಡಿ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನಿ ಅಂತ ಏಸು ಹೇಳಿದ್ದನ್ನು ಅವರು ಚಾಚೂ ತಪ್ಪದೆ ಹಿಡಿದರು. ಕೋರ್ಟಿನಲ್ಲಿ ಒಂದು ಮಾತು, ಮನೆಯಲ್ಲಿ ಒಂದು ಮಾತು ಇದ್ದವನು ಮಾತ್ರ ಆಣೆ ಇಡಬೇಕು ಅನ್ನುವುದು ಅವರ ವಾದ. ಅದಕ್ಕಾಗಿ ಜೈಲಿಗೂ ಹೋದರು. ಅವರಿಗೆ ಕಾನೂನು ದಾರಿ ಬಿಟ್ಟಿದ್ದು 1690ರ ದಶಕದಲ್ಲಿ. ಅದೂ ಪೂರ್ತಿ ಅಲ್ಲ.

ಅಮೆರಿಕದ ಕತೆಯೂ ಹಾಗೇ. ಧರ್ಮಕ್ಕೂ ಸರ್ಕಾರಕ್ಕೂ ನಡುವೆ ಗೋಡೆ ಇರಬೇಕು ಅಂತ 1644ರಲ್ಲೇ ಬರೆದ ರಾಜರ್ ವಿಲಿಯಮ್ಸ್ ಒಬ್ಬ ಪಾದ್ರಿ. ಅವರ ಲೆಕ್ಕದಲ್ಲಿ ಚರ್ಚು ಒಂದು ತೋಟ, ಹೊರಗಿನ ಲೋಕ ಕಾಡು. ಗೋಡೆ ಬೇಕಾಗಿದ್ದು ತೋಟ ಉಳಿಯಲಿ ಅಂತ. 1802ರ ಜನವರಿ 1ರಂದು ಅಧ್ಯಕ್ಷ ಜೆಫರ್ಸನ್ ಅದೇ ಗೋಡೆಯ ಮಾತನ್ನು ಒಂದು ಪತ್ರದಲ್ಲಿ ಬರೆದರು. ಯಾರಿಗೆ? ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ. ಅವರೂ ಭಕ್ತರೇ.

ಅದಕ್ಕೇ 'ನಂಬಿಕೆಯನ್ನು ಹೊರಗೆ ಹಾಕಿದರು' ಅನ್ನುವ ಮಾತು ಕೇಳಿದರೆ ನನಗೆ ಕಸಿವಿಸಿ. ಎಷ್ಟೋ ಕಡೆ ನಂಬಿಕೆ ಇದ್ದವರೇ ಅದರ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು.

ಇಲ್ಲವಾದಿ

ಒಪ್ಪಿದೆ, ಕ್ವೇಕರರಿಗೆ ನಮಸ್ಕಾರ. ಆದರೆ ನಮ್ಮವರ ಲೆಕ್ಕವನ್ನೂ ಬರೆಯಿರಿ. ಚಾರ್ಲ್ಸ್ ಬ್ರಾಡ್‌ಲಾ 1880ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಗೆದ್ದು ಬಂದ ನಾಸ್ತಿಕ. ದೇವರ ಹೆಸರಲ್ಲಿ ಪ್ರಮಾಣ ಮಾಡಲ್ಲ ಅಂದಿದ್ದಕ್ಕೆ ಆರು ವರ್ಷ ಜೈಲಿನಲ್ಲಿಟ್ಟರು.

ಕರಿಕೋಟು

ಆರು ವರ್ಷ ಜೈಲಲ್ಲ. ಆರು ವರ್ಷ ಕುರ್ಚಿಗಾಗಿ ಸತಾಯಿಸಿದರು. ಸದನ ಬಿಟ್ಟು ಹೋಗಲು ಒಪ್ಪದ್ದಕ್ಕೆ ಒಂದು ರಾತ್ರಿ ಪಾರ್ಲಿಮೆಂಟಿನ ಗಡಿಯಾರ ಗೋಪುರದಲ್ಲಿ ಕೂಡಿ ಹಾಕಿದ್ದರು.

ನಿಜವಾದ ಕತೆ ಇನ್ನೂ ರುಚಿಯಾಗಿದೆ. ಅವರು ಮೊದಲು ಪ್ರತಿಜ್ಞೆ ಮಾಡುತ್ತೇನೆ ಅಂದರು, ಬಿಡಲಿಲ್ಲ. ಸರಿ, ಎಲ್ಲರಂತೆ ಪ್ರಮಾಣವನ್ನೇ ಮಾಡುತ್ತೇನೆ ಅಂದರು, ಅದಕ್ಕೂ ಬಿಡಲಿಲ್ಲ. ನಂಬಿಕೆ ಇಲ್ಲದವನ ಬಾಯಲ್ಲಿ ದೇವರ ಹೆಸರು ಬಂದರೆ ಮೈಲಿಗೆ ಅಂತ. ಮತದಾರರು ಮತ್ತೆ ಮತ್ತೆ ಗೆಲ್ಲಿಸಿ ಕಳಿಸಿದರು. 1886ರಲ್ಲಿ ಹೊಸ ಸ್ಪೀಕರ್ ಸುಮ್ನೆ ಪ್ರಮಾಣ ಮಾಡಲು ಬಿಟ್ಟರು. ಎರಡೇ ವರ್ಷದಲ್ಲಿ ಬ್ರಾಡ್‌ಲಾ ಅವರೇ ಮುಂದೆ ನಿಂತು ಕಾನೂನು ತಂದರು. 1888ರಿಂದ ಅಲ್ಲಿ ಯಾರು ಬೇಕಾದರೂ ಪ್ರತಿಜ್ಞೆ ಮಾಡಬಹುದು.

ಅವರನ್ನು ತಡೆದವರ ಬಗ್ಗೆ ನನಗೆ ಒಂದು ಚೂರು ಗೌರವ ಇದೆ, ಬೈಯಬೇಡಿ. ಅವರಿಗೆ ಆ ಹೆಸರು ಕೇಳಿಸುತ್ತಿತ್ತು.

ಅಂಕಿಗಿರಾಕಿ

ಸ್ವಲ್ಪ ಅಂಕಿ ಹಾಕೋಣ, ಇಲ್ಲದಿದ್ದರೆ ಬರೀ ಕತೆ ಆಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯಲ್ಲಿ ತಾವು ಕ್ರೈಸ್ತರು ಅಂದವರು 2001ರಲ್ಲಿ ಶೇ 72ರ ಹತ್ತಿರ ಇದ್ದರು. 2011ರಲ್ಲಿ ಶೇ 59.3. 2021ರಲ್ಲಿ ಶೇ 46.2. 'ಯಾವ ಧರ್ಮವೂ ಇಲ್ಲ' ಅಂದವರು 2021ರಲ್ಲಿ ಶೇ 37.2. ಅಂಥ ದೇಶದ ಮೇಲ್ಮನೆಯಲ್ಲಿ ಇವತ್ತಿಗೂ 26 ಬಿಷಪ್ಪರಿಗೆ ಖಾಯಂ ಜಾಗ ಇದೆ.

ಹಾಗಂತ ಗಣತಿಯನ್ನು ತೀರಾ ಗಂಭೀರವಾಗಿ ತಗೋಬೇಡಿ. 2001ರಲ್ಲಿ ಅಲ್ಲಿ ಮೂರು ಲಕ್ಷ ತೊಂಬತ್ತು ಸಾವಿರ ಜನ ತಮ್ಮ ಧರ್ಮ 'ಜೆಡೈ' ಅಂತ ಬರೆದರು. ಸಿನಿಮಾದ ಧರ್ಮ!

ನನಗೆ ಜಾಸ್ತಿ ಆಶ್ಚರ್ಯ ಆಗುವುದು ಐರ್ಲೆಂಡ್. 1979ರಲ್ಲಿ ಪೋಪ್ ಬಂದಾಗ ಡಬ್ಲಿನ್ನಿನ ಒಂದೇ ಪಾರ್ಕಿನಲ್ಲಿ ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಸೇರಿದ್ದರು. 2018ರಲ್ಲಿ ಇನ್ನೊಬ್ಬ ಪೋಪ್ ಅದೇ ಜಾಗಕ್ಕೆ ಬಂದರು, ಜನ ಅದರ ಹತ್ತಿರಕ್ಕೂ ಬರಲಿಲ್ಲ. ಈ ನಡುವೆ 2015ರಲ್ಲಿ ಸಲಿಂಗ ಮದುವೆಗೆ ಶೇ 62 ಜನ ಹೌದು ಅಂದಿದ್ದರು. 2018ರಲ್ಲಿ ಗರ್ಭಪಾತದ ನಿಷೇಧ ತೆಗೆಯಲು ಶೇ 66 ಜನ. ಅದೇ ವರ್ಷ ದೇವನಿಂದೆಯ ಅಪರಾಧವನ್ನೂ ಸಂವಿಧಾನದಿಂದ ಕಿತ್ತು ಹಾಕಿದರು. ಯಾರೋ ಡಾರ್ವಿನ್ ಓದಿ ಬದಲಾದರು ಅಂದುಕೊಂಡರೆ ತಪ್ಪು. ಚರ್ಚಿನ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯ ತನಿಖೆಯಿಂದ ತನಿಖೆಗೆ ಹೊರಗೆ ಬಂತು. 2009ರ ವರದಿ ಬಂದ ಮೇಲಂತೂ ಮುಚ್ಚಿಡಲು ಏನೂ ಉಳಿಯಲಿಲ್ಲ. ದೇವರ ಮೇಲಿನ ಸಿಟ್ಟಲ್ಲ ಅದು, ಅವನ ಪರವಾಗಿ ಮಾತಾಡುವವರ ಮೇಲಿನದು.

ತಲೆಹರಟೆ

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದನ್ನು ಐರಿಷ್ ಭಾಷೆಯಲ್ಲಿ ಏನಂತಾರೋ.

ಕಟ್ಟೆಪುರಾಣ

ನನ್ನ ಪ್ರಕಾರ ಈ ಕತೆಯ ಮುಖ್ಯ ಪಾತ್ರ ಕೋರ್ಟೂ ಅಲ್ಲ, ಜನಗಣತಿಯೂ ಅಲ್ಲ. ಚರಂಡಿ.

1832ರಲ್ಲಿ ಬ್ರಿಟನ್ನಿಗೆ ಕಾಲರಾ ಬಂದಾಗ ಸರ್ಕಾರವೇ ಒಂದು ದಿನ ಗೊತ್ತು ಮಾಡಿ ಇಡೀ ದೇಶ ಉಪವಾಸ ಇದ್ದು ಪ್ರಾರ್ಥನೆ ಮಾಡಲಿ ಅಂತ ಹೊರಡಿಸಿತು. ಆಗ ಅದು ವಿಚಿತ್ರ ಅಂತ ಹೆಚ್ಚು ಜನರಿಗೆ ಅನಿಸಲಿಲ್ಲ. ಸಂಕಟ ಬಂದಾಗ ವೆಂಕಟರಮಣ, ಅದರಲ್ಲೇನು? 1853ರಲ್ಲಿ ಕಾಲರಾ ಮತ್ತೆ ಬಂತು. ಎಡಿನ್‌ಬರೊದ ಪಾದ್ರಿಗಳು ಗೃಹಮಂತ್ರಿ ಪಾಮರ್‌ಸ್ಟನ್‌ಗೆ ಕಾಗದ ಬರೆದು, ಈ ಸಲವೂ ಉಪವಾಸದ ದಿನ ಘೋಷಿಸುತ್ತೀರಾ ಅಂತ ಕೇಳಿದರು. ಬಂದ ಉತ್ತರದ ಸಾರ ಇಷ್ಟು: ಮೊದಲು ನಿಮ್ಮ ಊರಿನ ಬಡವರ ಕೇರಿಗಳನ್ನು ಚೊಕ್ಕ ಮಾಡಿ, ಇಲ್ಲದಿದ್ದರೆ ದೇಶವೆಲ್ಲ ಸೇರಿ ಪ್ರಾರ್ಥಿಸಿದರೂ ರೋಗ ಬಂದೇ ಬರುತ್ತದೆ.

ಪಾಮರ್‌ಸ್ಟನ್ ನಾಸ್ತಿಕ ಅಲ್ಲ. ದೇವರಿಲ್ಲ ಅಂತ ಆ ಕಾಗದದಲ್ಲಿ ಎಲ್ಲೂ ಇಲ್ಲ. ದೇವರು ಲೋಕಕ್ಕೆ ಒಂದು ನಿಯಮ ಹಾಕಿದ್ದಾನೆ, ಅದರಂತೆ ನಡೆದುಕೊಳ್ಳಿ ಅನ್ನುವ ಧಾಟಿ. ಆದರೆ ಒಂದು ಖಾತೆ ಅವತ್ತು ಕೈ ಬದಲಾಯಿತು. ಕಾಲರಾ ಈಗ ಪುರಸಭೆಯ ತಲೆನೋವು. ಮುಂದಿನ ವರ್ಷ ಲಂಡನ್ನಿನಲ್ಲಿ ಜಾನ್ ಸ್ನೋ ಅನ್ನುವ ವೈದ್ಯರು ಸತ್ತವರ ಮನೆಗಳ ಲೆಕ್ಕ ಹಾಕಿ, ಒಂದು ನೀರಿನ ಪಂಪಿನ ಕಡೆ ಬೆರಳು ತೋರಿಸಿದರು. ಪಂಪಿನ ಹಿಡಿಕೆ ತೆಗೆಸಿದರು.

ಹೀಗೇ ಒಂದೊಂದು ಖಾತೆ ಹೋಯಿತು. ಸಿಡಿಲಿಗೆ ಕಂಬಿ ಬಂತು, ಬೆಂಕಿಗೆ ವಿಮೆ ಬಂತು, ಮುಪ್ಪಿಗೆ ಪಿಂಚಣಿ ಬಂತು. ಯಾರೂ ದೇವರ ವಿರುದ್ಧ ವಾದ ಮಾಡಿ ಗೆಲ್ಲಲಿಲ್ಲ. ಕೇಳಿಕೊಳ್ಳುವ ವಿಷಯ ಕಡಿಮೆಯಾಯಿತು, ಅಷ್ಟೇ.

ಎಲ್ಲಾ ಖಾತೆ ಹೋಗಲಿಲ್ಲ ಅನ್ನುವುದನ್ನೂ ಹೇಳಬೇಕು. ಕಾಲರಾಕ್ಕೆ ಉಪವಾಸ ಬೇಡ ಅಂದ ಅದೇ ದೇಶ ಮರುವರ್ಷ, 1854ರಲ್ಲಿ, ರಷ್ಯಾ ಜೊತೆ ಯುದ್ಧ ಅಂದಾಗ ಉಪವಾಸದ ದಿನ ಘೋಷಿಸಿತು. 1857ರಲ್ಲಿ ಇಲ್ಲಿಯ ದಂಗೆಗೂ. ಯುದ್ಧಕ್ಕೆ ಚರಂಡಿ ಇಲ್ಲವಲ್ಲ.

ಗಾಳಿಪಟ

ನೀವೆಲ್ಲ ಯಾವ ಲೋಕದಲ್ಲಿದ್ದೀರಿ? ನಂಬಿಕೆ ಕಡಿಮೆಯಾಗಿದೆ ಅನ್ನುವುದೇ ಯುರೋಪಿನ ಕತೆ. ಪೀಟರ್ ಬರ್ಗರ್ ಅನ್ನುವ ದೊಡ್ಡ ಸಮಾಜಶಾಸ್ತ್ರಜ್ಞರು 1968ರಲ್ಲಿ, 21ನೇ ಶತಮಾನದ ಹೊತ್ತಿಗೆ ಭಕ್ತರು ಅಲ್ಲಲ್ಲಿ ಸಣ್ಣ ಗುಂಪುಗಳಾಗಿ ಮಾತ್ರ ಉಳಿಯುತ್ತಾರೆ ಅಂದರು. ಹನ್ನೊಂದು ವರ್ಷಕ್ಕೆ ಇರಾನಿನಲ್ಲಿ ಧರ್ಮಗುರುಗಳೇ ಅಧಿಕಾರ ಹಿಡಿದರು. 1999ರಲ್ಲಿ ಬರ್ಗರ್ ಅವರೇ, ನಾನು ಹೇಳಿದ್ದು ತಪ್ಪು, ಲೋಕ ಹಿಂದಿನಷ್ಟೇ ಧಾರ್ಮಿಕವಾಗಿದೆ ಅಂತ ಒಪ್ಪಿಕೊಂಡರು. ಇಸ್ತಾಂಬುಲ್ಲಿನ ಹಗಿಯಾ ಸೋಫಿಯಾ ನೋಡಿ. 1930ರ ದಶಕದಲ್ಲಿ ಮ್ಯೂಸಿಯಂ ಮಾಡಿದರು, 2020ರಲ್ಲಿ ಮತ್ತೆ ಮಸೀದಿ ಆಯಿತು. ಎಲ್ಲಿದೆ ಇಳಿಮುಖ?

ಹಳೇಸಾಕ್ಷಿ

ಗಾಳಿಪಟ ಅವರೇ, ಒಳ್ಳೆಯ ಪ್ರಶ್ನೆ. ಎರಡು ದಿನ ಉತ್ತರ ಬರೆದು ಅಳಿಸಿದೆ. ಧರ್ಮದ ಸದ್ದು ಕಡಿಮೆಯಾಗಿದೆ ಅಂತ ನಾನು ಹೇಳುತ್ತಿಲ್ಲ. ಸದ್ದು ಎಷ್ಟೋ ಕಡೆ ಜಾಸ್ತಿಯೇ ಆಗಿದೆ. ನಾನು ಹೇಳುತ್ತಿರುವುದು ಅಳುಕು. ಅಧಿಕಾರದಲ್ಲಿರುವವನು ದೇವರ ಹೆಸರು ಹೇಳುವಾಗ 'ಇವನು ನನ್ನನ್ನೂ ನೋಡುತ್ತಿದ್ದಾನೆ' ಅನ್ನುವ ಅಳುಕು ಅವನ ದನಿಯಲ್ಲಿ ಇದೆಯಾ? ದೇವರು ತನ್ನ ಕಡೆ ಇದ್ದಾನೆ ಅನ್ನುವುದು ಬೇರೆ, ತಾನು ದೇವರಿಗೆ ಲೆಕ್ಕ ಕೊಡಬೇಕು ಅನ್ನುವುದು ಬೇರೆ. ಎರಡನೆಯದು ಎಲ್ಲಿ ಕಂಡಿದ್ದೀರಿ ಹೇಳಿ.

ಗಾಳಿಪಟ

ಅದು ಹಿಂದೆ ಇತ್ತು ಅಂತ ಮಾತ್ರ ಯಾಕೆ ಅಂದುಕೊಂಡಿದ್ದೀರಿ? ಹಳೆಯ ರಾಜರೇನು ಅಳುಕುತ್ತಿದ್ದರಾ?

ಹಳೇಸಾಕ್ಷಿ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಜವಾಗಿಯೂ ಇಲ್ಲ.

ಕರಿಕೋಟು

ಸದ್ದು ಮತ್ತು ಉಪಯೋಗದ ಬಗ್ಗೆ ಒಂದು ಸಣ್ಣ ಉದಾಹರಣೆ. ಬ್ರಿಟನ್ನಿನ ಕೆಳಮನೆಯಲ್ಲಿ ಸದಸ್ಯರು 650, ಕೂರಲು ಜಾಗ ನಾನೂರ ಚಿಲ್ಲರೆ ಮಾತ್ರ. ದಿನದ ಕಲಾಪ ಪ್ರಾರ್ಥನೆಯಿಂದ ಶುರು. ಆಗ ಸದಸ್ಯರು ಹಿಂದಿನ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಜಾಗ ಹಿಡಿಯುವ ದಾರಿ ಏನು ಗೊತ್ತಾ? ಒಂದು ಕಾರ್ಡಿನ ಮೇಲೆ ಹೆಸರು ಬರೆದು ಸೀಟಿಗೆ ಸಿಕ್ಕಿಸಬೇಕು, ಪ್ರಾರ್ಥನೆಗೆ ಬಂದು ನಿಲ್ಲಬೇಕು. ಆ ದಿನಕ್ಕೆ ಸೀಟು ನಿಮ್ಮದು. ಅದಕ್ಕೆ 'ಪ್ರಾರ್ಥನಾ ಕಾರ್ಡ್' ಅಂತಲೇ ಹೆಸರು.

ತಲೆಹರಟೆ

ಬಸ್ಸಿನಲ್ಲಿ ಟವೆಲ್ ಹಾಕಿದ ಹಾಗೆ!

ರಾತ್ರಿಪಾಳಿ

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಯಾವುದು ಅಂತ ಕೇಳಬೇಡಿ. ನಮ್ಮಲ್ಲಿ ಹಿಂದೆ ಒಂದು ಪ್ರಾರ್ಥನಾ ಕೋಣೆ ಇತ್ತು. ಯಾವ ಧರ್ಮದ್ದಾದರೂ ಚಿತ್ರ ಇಟ್ಟರೆ ಇನ್ನೊಬ್ಬರು ಬೇಸರ ಮಾಡಿಕೊಳ್ಳುತ್ತಾರೆ ಅಂತ ಎಲ್ಲಾ ತೆಗೆದರು. ಬೋರ್ಡ್ ಬದಲಾಯಿಸಿ 'ಮೌನ ಕೊಠಡಿ' ಅಂತ ಹಾಕಿದರು. ಖಾಲಿ ಬಿಳಿ ಗೋಡೆ, ನಾಲ್ಕು ಕುರ್ಚಿ. ಒಂದೆರಡು ವರ್ಷದಲ್ಲಿ ಮುರಿದ ವೀಲ್‌ಚೇರುಗಳು ಅಲ್ಲಿಗೆ ಬಂದವು. ಈಗ ಬೀಗ.

ಜನ ಪ್ರಾರ್ಥನೆ ಬಿಟ್ಟರಾ ಅಂದರೆ ಇಲ್ಲ. ಐಸಿಯು ಹೊರಗಿನ ಮೆಟ್ಟಿಲ ಮೇಲೆ ಮಾಡುತ್ತಾರೆ. ರಾತ್ರಿ ಎರಡೂವರೆಗೆ ಹೋದರೆ ಯಾರಾದರೂ ಒಬ್ಬರು ಗೋಡೆಗೆ ಒರಗಿ ಕೂತಿರುತ್ತಾರೆ. ಫೋನಿನ ಪರದೆಯಲ್ಲಿ ಅವರ ದೇವರು ಇರುತ್ತಾನೆ. ಮೂವತ್ತು ಸೆಕೆಂಡಿಗೆ ಪರದೆ ಆರುತ್ತದೆ, ಹೆಬ್ಬೆರಳಿಂದ ಮುಟ್ಟಿ ಮತ್ತೆ ಬೆಳಗಿಸುತ್ತಾರೆ. ನಮ್ಮನ್ನು ನೋಡಿದ ತಕ್ಷಣ ಫೋನ್ ತಿರುಗಿಸಿ ತೊಡೆಯ ಮೇಲೆ ಇಡುತ್ತಾರೆ, ಏನೋ ತಪ್ಪು ಮಾಡಿದ ಹಾಗೆ.

ಒಮ್ಮೆ ಒಬ್ಬರು ನನ್ನನ್ನು 'ಸಿಸ್ಟರ್, ನೀವೂ ಬೇಡಿಕೊಳ್ಳಿ' ಅಂದರು. ನಾನು ಅಷ್ಟೇನೂ ನಂಬುವವಳಲ್ಲ. ಬೇಡಿಕೊಳ್ಳುತ್ತೇನೆ ಅಂದೆ. ಡ್ಯೂಟಿಯಲ್ಲಿ ಅದನ್ನು ಹೇಳಬಹುದಾ ಅಂತ ಆಮೇಲೆ ಯೋಚನೆ ಬಂತು.

ಇಲ್ಲವಾದಿ

ಹೇಳಬಹುದು. ನಾನಾಗಿದ್ದರೂ ಹೇಳುತ್ತಿದ್ದೆ.

ಆದರೆ ಆ ಕೋಣೆಯ ವಿಷಯದಲ್ಲಿ ತಪ್ಪು ಧರ್ಮ ತೆಗೆದಿದ್ದಲ್ಲ. ವೀಲ್‌ಚೇರ್ ತಂದು ಹಾಕಿದ್ದು. ಮೌನಕ್ಕೂ ಒಂದು ಜಾಗ ಬೇಕು ಅನ್ನುವುದು ಆಡಳಿತಕ್ಕೆ ಅನಿಸಲಿಲ್ಲ.

ಮಬ್ಬುಬೆಳಕು

ಮೌನ ಅಂದಾಗ ನೆನಪಾಯಿತು. ಸಭೆಗಳಲ್ಲಿ ಸತ್ತವರಿಗೆ ಒಂದು ನಿಮಿಷ ಮೌನ ಆಚರಿಸುತ್ತೇವಲ್ಲ, ಅದಕ್ಕೆ ತುಂಬ ಹಳೆಯ ಇತಿಹಾಸವೇನೂ ಇಲ್ಲ. ಮೊದಲ ಮಹಾಯುದ್ಧ ಮುಗಿದು ಒಂದು ವರ್ಷಕ್ಕೆ, 1919ರ ನವೆಂಬರ್ 11ರಂದು, ಬ್ರಿಟಿಷ್ ಸಾಮ್ರಾಜ್ಯದ ಎಲ್ಲಾ ಕಡೆ ಎರಡು ನಿಮಿಷ ಸುಮ್ಮನೆ ನಿಲ್ಲಿ ಅಂತ ರಾಜನ ಆದೇಶ ಬಂತು. ಸತ್ತವರಲ್ಲಿ ಎಲ್ಲಾ ಧರ್ಮದವರೂ ಇದ್ದರು. ಎಲ್ಲರೂ ಒಟ್ಟಿಗೆ ಹೇಳಬಹುದಾದ ಒಂದು ಪ್ರಾರ್ಥನೆ ಎಲ್ಲಿಂದ ತರುವುದು? ಮೌನಕ್ಕೆ ಯಾರೂ ತಕರಾರು ಮಾಡುವುದಿಲ್ಲ.

ಆ ಒಂದು ನಿಮಿಷದಲ್ಲಿ ನಾನು ಏನು ಮಾಡುತ್ತೇನೆ ಅಂತ ಗಮನಿಸಿದ್ದೇನೆ. ಮೊದಲ ಹತ್ತು ಸೆಕೆಂಡ್ ಸತ್ತವರ ಮುಖ. ಆಮೇಲೆ ಮುಂದಿನವರ ಚಪ್ಪಲಿ. ಆಮೇಲೆ ಯಾರು ಮೊದಲು ಕೂರುತ್ತಾರೆ ಅಂತ ಕಾಯುವುದು. ಹಳೆಯ ಪ್ರಾರ್ಥನೆಯಲ್ಲೂ ಮನಸ್ಸು ಹೀಗೇ ಓಡುತ್ತಿತ್ತು ಅನ್ನಿ, ಆದರೆ ಬಾಯಿಗಾದರೂ ಕೆಲಸ ಇರುತ್ತಿತ್ತು.

ಅಂಕಿಗಿರಾಕಿ

ಇಷ್ಟೆಲ್ಲ ಆಯಿತು, ನಮ್ಮ ಸಂವಿಧಾನ ಸಭೆ ಇದೇ ಪ್ರಶ್ನೆಗೆ ಮತ ಹಾಕಿದ್ದನ್ನು ಯಾರೂ ಎತ್ತಲೇ ಇಲ್ಲವಲ್ಲ. 1949ರ ಅಕ್ಟೋಬರ್ 17. ಪೀಠಿಕೆಯನ್ನು 'ದೇವರ ಹೆಸರಿನಲ್ಲಿ' ಅಂತ ಶುರು ಮಾಡೋಣ ಅಂತ ಎಚ್.ವಿ. ಕಾಮತ್ ತಿದ್ದುಪಡಿ ತಂದರು. ನಂಬಿಕೆಯ ವಿಷಯದಲ್ಲಿ ಇದು ಬಲವಂತ ಆಗುವುದಿಲ್ಲವಾ ಅಂತ ಪಟ್ಟಂ ತಾಣು ಪಿಳ್ಳೈ ಕೇಳಿದರು. ದೇವರ ಮೇಲೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ಸಿಲುಕಿಸಬೇಡಿ ಅಂತ ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತ್ ಪಟ್ಟು ಬಿಡಲಿಲ್ಲ. ಪರ 41, ವಿರುದ್ಧ 68. ದೇವರು 27 ಮತಗಳಿಂದ ಸೋತ.

ಮಬ್ಬುಬೆಳಕು

ಸೋತದ್ದು ತಿದ್ದುಪಡಿ. ವಿರುದ್ಧ ಕೈ ಎತ್ತಿದವರೆಲ್ಲ ನಾಸ್ತಿಕರಾಗಿದ್ದರಾ?

ಕರಿಕೋಟು

ಅದೇ ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಮಂತ್ರಿಗಳ, ಸಂಸದರ ಪ್ರಮಾಣ ನೋಡಿ. ಎರಡೂ ಒಂದರ ಕೆಳಗೆ ಒಂದು ಇವೆ. ದೇವರ ಹೆಸರಲ್ಲಿ ಪ್ರಮಾಣ ಮಾಡಿ, ಇಲ್ಲ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಿ. ನಿಮ್ಮಿಷ್ಟ.

ಹಳೇಸಾಕ್ಷಿ, ಕೋರ್ಟಿನಲ್ಲೂ ಪ್ರತಿಜ್ಞೆಗೆ ಅವಕಾಶ ಇದೆ. ಕೇಳಿದ್ದರೆ ಕೊಡುತ್ತಿದ್ದರು.

ಹಳೇಸಾಕ್ಷಿ

ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅದನ್ನೇ ಕೇಳೋಣ ಅಂದುಕೊಂಡಿದ್ದೆ. ನಂಬಿಕೆ ಇಲ್ಲದ್ದಕ್ಕಲ್ಲ. ಆ ಗದ್ದಲದಲ್ಲಿ ಆ ಹೆಸರನ್ನು ಇನ್ನೊಂದು ಸಲ ಗೊಣಗುವ ಮನಸ್ಸಿರಲಿಲ್ಲ. ಕ್ವೇಕರರ ಕತೆ ಓದಿದ ಮೇಲೆ ಧೈರ್ಯವೂ ಬಂದಿತ್ತು.

ನಿನ್ನೆ ಪಾಟಿ ಸವಾಲಿಗೆ ಮತ್ತೆ ಹೋಗಿದ್ದೆ. ಕಟಕಟೆ ಹತ್ತಿ, ಗಂಟಲು ಸರಿ ಮಾಡಿಕೊಂಡು, 'ಸರ್, ಈ ಸಲ ನಾನು ಪ್ರತಿಜ್ಞೆ' ಅಂತ ಶುರು ಮಾಡಿದೆ. ಗುಮಾಸ್ತರು ತಲೆ ಎತ್ತದೆ 'ಏನೂ ಬೇಡ, ಹೋದ ಸಲದ್ದೇ ನಡೆಯುತ್ತೆ' ಅಂದರು. ಕಾರ್ಡ್ ಮೇಜಿನ ಮೇಲೆ ಇತ್ತು, ಅದರ ಮೇಲೆ ಟೀ ಲೋಟ.

ಆ ಕಡೆಯ ವಕೀಲರು ಕೇಳಿದ ಮೊದಲ ಪ್ರಶ್ನೆ, ನಿಮ್ಮ ಇನಿಷಿಯಲ್ ಯಾವುದು ಅಂತ.